ಕಳ್ಳಿಗಿಡದ ಕಾರುಬಾರು

ಇವತ್ತು ಸಂಜೆ ನನ್ನ ಸೊಸೆ ಒಂದು ಪುಟ್ಟ ಕುಂಡ ಹಿಡಿದುಕೊಂಡು ಬಂದಳು. ಅದರಲ್ಲಿ ಕಳ್ಳಿಗಿಡ. ಬೆರಳುಗಾತ್ರದ ಕಾಂಡ, ಮೈತುಂಬ ಮುಳ್ಳು, ತುದಿಯಲ್ಲಿ ಕೆಂಪು ಹೂ. ಬೆಳಿಗ್ಗೆ ಕಾಫಿ ನೀರಾಗಿದೆ ಎಂದು ನಾನು ಅಂದದ್ದಕ್ಕೆ ಮುಖ ಊದಿಸಿಕೊಂಡು ಆಫೀಸಿಗೆ ಹೋದವಳು. ಆ ಮುಖ ಇನ್ನೂ ಇಳಿದಿರಲಿಲ್ಲ.

"ಮುಳ್ಳಿನ ಗಿಡ ಮನೇಲಿದ್ರೆ ಜಗಳ ಆಗುತ್ತೆ ಅಂತಾರೆ. ಇಡ್ಬಹುದಾ ಅತ್ತೆ?" ಎಂದಳು.

ಯಾರನ್ನು ಕೇಳುತ್ತಿದ್ದಾಳೆ ನೋಡಿ! ನನ್ನ ಸಂಸಾರ ನೆಟ್ಟಗೆ ನಿಂತದ್ದೇ ಇಂಥದೊಂದು ಗಿಡದಿಂದ.

ಎಪ್ಪತ್ತರ ದಶಕದ ಮಾತು. ಹಲಸೂರಿನ ಎರಡು ಕೋಣೆಯ ಮನೆಯಲ್ಲಿ ನಾನು, ನಮ್ಮ ಯಜಮಾನರು, ನಮ್ಮತ್ತೆ. ಪಕ್ಕದ ಮನೆಯ ಡೋರತಿ ಆಂಟಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವರ ಸೋಫಾ, ಗ್ರಾಮೊಫೋನು ಯಾರ್ಯಾರದೋ ಪಾಲಾದವು. ನನ್ನ ಪಾಲಿಗೆ ಕಳ್ಳಿ ಬಂತು. "ನೀರ್ ಜಾಸ್ತಿ ಬೇಡ, ಚೈಲ್ಡ್. ಅದರ ಪಾಡಿಗೆ ಅದನ್ನ ಬಿಟ್ಬಿಡು," ಎಂದರು. ಹೊಸ ಸೊಸೆಯರ ವಿಷಯದಲ್ಲೂ ಯಾರಾದರೂ ನಮ್ಮತ್ತೆಗೆ ಇದನ್ನೇ ಹೇಳಬಾರದೇ ಅನ್ನಿಸಿತು.

"ಮುಳ್ಳು ತಂದು ಒಳಗಿಟ್ಟಿದೀಯಲ್ಲೇ, ಇನ್ನು ಜಗಳಕ್ಕೇನು ಬರ?" ಎಂದರು ಅತ್ತೆ, ಅಲ್ಲಿಯವರೆಗೆ ನಾವು ಜಗಳವನ್ನೇ ಕಾಣದವರ ಹಾಗೆ. ಒಗ್ಗರಣೆಯ ಇಂಗಿನಿಂದ ಹಿಡಿದು ನನ್ನ ತವರಿನ ಚಕ್ಕುಲಿಯವರೆಗೆ ನಮಗೆ ಯಾವ ನೆಪವಾದರೂ ಆಗುತ್ತಿತ್ತು. ಆದರೆ ಗಿಡ ಬಂದಮೇಲೆ ಒಂದು ಅನುಕೂಲವಾಯಿತು. ಜಗಳವಾಡಿ, ಅರ್ಧ ದಿನ ಮಾತು ಬಿಟ್ಟು, ಆಮೇಲೆ ಅತ್ತೆ ಕಿಟಕಿಯ ಕಡೆ ಕೈತೋರಿಸಿ, "ನಿಂದೇನೂ ತಪ್ಪಿಲ್ಲ ಬಿಡು, ಎಲ್ಲಾ ಆ ಮುಳ್ಳಿನ ಕೆಲಸ," ಅನ್ನುವರು. "ಹೌದತ್ತೆ, ಹಾಳಾದ್ದು," ಎಂದು ನಾನೂ ದನಿಗೂಡಿಸುವೆ. ಇಬ್ಬರೂ ಸೇರಿ ಅದನ್ನು ಬೈದು ಕಾಫಿ ಕುಡಿಯುವೆವು. ಗಿಡ ಬೈಗುಳ ತಿಂದುಕೊಂಡೇ ಹೂ ಬಿಡುತ್ತಿತ್ತು.

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವರು. ಕೆಟ್ಟ ಭಾಗ ತೆಗೆದರೆ ಎಲ್ಲವೂ ಸರಿಹೋಗುತ್ತದೆಂದು ನಂಬಿದ್ದರು. ದಿನಾ ಈ ಗಿಡದ ದೂರು ಕೇಳಿ ಕೇಳಿ, ಒಂದು ಭಾನುವಾರ ಅದನ್ನು ಸೈಕಲ್ಲಿಗೆ ಕಟ್ಟಿ ಕೃಷ್ಣರಾಜಪುರದ ಸ್ನೇಹಿತರಿಗೆ ಕೊಟ್ಟುಬಂದರು. ಮನೆ ಶಾಂತವಾಯಿತೆಂದು ನೆಮ್ಮದಿಯಾಗಿ ಮಲಗಿದರು, ಪಾಪ.

ಮಾರನೆಯ ದಿನ ಹುಳಿಗೆ ಉಪ್ಪು ಹೆಚ್ಚಾಯಿತು. ಮಾತಿಗೆ ಮಾತು ಬೆಳೆಯಿತು. ಸಂಜೆ ಅತ್ತೆ ಅಭ್ಯಾಸಬಲದಿಂದ ಕಿಟಕಿಯ ಕಡೆ ನೋಡಿದರು. ಅಲ್ಲಿ ಕುಂಡದ ಗುರುತು ಮಾತ್ರ ಇತ್ತು. ಎದ್ದುಹೋಗಿ ಟ್ರಂಕಿಗೆ ಸೀರೆ ತುಂಬತೊಡಗಿದರು.

"ದಾವಣಗೆರೆಗೆ, ಚಿಕ್ಕೋನ ಮನೆಗೆ ಹೋಗ್ತೀನಿ. ತಪ್ಪೆಲ್ಲ ನಂದೇ ಅಂದ್ಮೇಲೆ ಇಲ್ಯಾಕಿರ್ಲಿ?"

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ಊರಿನಲ್ಲಿ ನನ್ನನ್ನು ಬೈಯುವಷ್ಟು ಹತ್ತಿರದವರು ಅವರೊಬ್ಬರೇ ಇದ್ದರು.

ಬೆಳಗಾಗುತ್ತಲೇ ಬಸ್ಸು ಹತ್ತಿ ಕೃಷ್ಣರಾಜಪುರಕ್ಕೆ ಹೋದೆ. ಕೊಟ್ಟ ಗಿಡವನ್ನು ನಾಚಿಕೆ ಬಿಟ್ಟು ವಾಪಸು ಕೇಳಿ, ಮಡಿಲಲ್ಲಿಟ್ಟುಕೊಂಡು ಬಂದೆ. ಬಸ್ಸಿನ ಕುಲುಕಾಟಕ್ಕೆ ಮುಳ್ಳು ತಗುಲಿ ಸೀರೆ ಹರಿಯಿತು. ಅತ್ತೆ ಟ್ರಂಕಿನ ಮೇಲೆ ಕುಳಿತಿದ್ದರು. ಗಿಡ ನೋಡಿದರು, ನನ್ನ ಸೀರೆ ನೋಡಿದರು.

"ಇದನ್ನ ತರೋಕೆ ಒಳ್ಳೇ ಸೀರೆ ಉಟ್ಕೊಂಡು ಹೋಗ್ತಾರೇನೇ?" ಎಂದು ಗದರಿ, ಕುಂಡವನ್ನು ತಾವೇ ತೆಗೆದುಕೊಂಡು ಕಿಟಕಿಯಲ್ಲಿಟ್ಟರು. ಆಮೇಲೆ ಕೊನೆಯವರೆಗೂ ನಮ್ಮಲ್ಲೇ ಇದ್ದರು, ಜಗಳವಾಡಿಕೊಂಡು.

ಸೊಸೆ ಇನ್ನೂ ಬಾಗಿಲಲ್ಲೇ ನಿಂತಿದ್ದಳು.

"ಇಡಮ್ಮ, ಕಿಟಕೀಲೇ ಇಡು. ಬೆಳಿಗ್ಗೆ ಕಾಫಿಗೆ ನಾನಂದಿದ್ದೂ ಇದರ ಕೆಲಸಾನೇ," ಎಂದೆ.

"ಆಗ ಇದಿನ್ನೂ ಮನೆಗೇ ಬಂದಿರ್ಲಿಲ್ವಲ್ಲ ಅತ್ತೆ!"

"ಬರೋಕೆ ಹೊರಟಿತ್ತಲ್ಲ."

ಅವಳು ನಕ್ಕುಬಿಟ್ಟಳು. ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು. ಈಗಲೂ ನೀರಾಗಿಯೇ ಇತ್ತು. ನಾನು ಗಿಡವನ್ನು ನೋಡಿಕೊಂಡು ಕುಡಿದುಬಿಟ್ಟೆ.