ಗಡಿಯಾರದ ಮಾವ ಬಿಚ್ಚಿದ ಡಿಸ್ಕು

ಬೀದಿಯವರೆಲ್ಲ ಅವರನ್ನು ಗಡಿಯಾರದ ಮಾವ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತಲೆ ನರೆಯುವ ತನಕ ಗಡಿಯಾರ ರಿಪೇರಿ ಮಾಡಿದವರು. ಪಕ್ಕದಲ್ಲಿ ಸಿಡಿಲು ಬಿದ್ದರೂ ಅವರ ಕೈ ಅಲುಗುತ್ತಿರಲಿಲ್ಲ. ಅಂಥ ಕೈಯಿಂದ ಆ ಮಧ್ಯಾಹ್ನ ತಿರುಪುಳಿ ಎರಡು ಸಲ ಜಾರಿ ಬಿತ್ತು.

ಮನೆಯ ಮೇಜಿನ ಮೇಲೆ ಹೆಂಡತಿಯ ಲ್ಯಾಪ್‌ಟಾಪು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಬೆಳಿಗ್ಗೆ ಸುಟ್ಟ ವಾಸನೆ ಬಂದದ್ದೇ ತಡ, ಪರದೆ ಕಪ್ಪಾಗಿತ್ತು. ಯಂತ್ರ ಹೋದರೆ ಹೋಗಲಿ, ಅದರೊಳಗೆ ಆಕೆಯ, ಅಂದರೆ ಬೀದಿಗೆಲ್ಲ ಅತ್ತೆಯಾದವರ ದನಿ ಇತ್ತು. ಗಂಟಲಿನ ಆಪರೇಷನ್ ಆದ ಮೇಲೆ ಮಾತು ಬರುವುದಿಲ್ಲವೆಂದು ಡಾಕ್ಟರು ಹೇಳಿದಾಗ, ಅತ್ತೆ ವಾರಗಟ್ಟಲೆ ಮೈಕಿನ ಮುಂದೆ ಕುಳಿತು ದಿನಬಳಕೆಯ ಮಾತುಗಳನ್ನೆಲ್ಲ ಅದರಲ್ಲಿ ತುಂಬಿಸಿಟ್ಟಿದ್ದರು. ‘ನೀರು ಕೊಡಿ’, ‘ನೋವಿದೆ’ ಇಷ್ಟು ಸಾಕೆಂದರೆ ಕೇಳುವ ಜೀವವೇ ಅದು? ‘ಮೊದಲು ಕೈ ತೊಳ್ಕೊಂಡು ಬನ್ನಿ’, ‘ನಿಮ್ಮ ಗಡಿಯಾರಕ್ಕಿಂತ ನಿಮ್ಮ ಹೊಟ್ಟೆಯೇ ಸರಿಯಾಗಿ ಹೊತ್ತು ಹೇಳುತ್ತೆ’ ಎಂಬಂಥ ಬೈಗುಳದ ಭಂಡಾರವನ್ನೇ ಸೇರಿಸಿದ್ದರು. ರಾಗ ಎಳೆದು ಕರೆದ ಒಂದು ‘ರೀ...’ ಮಾತ್ರ ಬೇರೆಯಾಗಿಯೇ ಇತ್ತು. ಅತ್ತೆ ಪರದೆಯ ಮೇಲೆ ಅದನ್ನು ಒತ್ತಿದರೆ ಮಾವ ಮನೆಯ ಯಾವ ಮೂಲೆಯಲ್ಲಿದ್ದರೂ ಓಗೊಡುತ್ತಿದ್ದರು.

“ಇನ್ನೊಂದು ನಕಲು ಮಾಡಿಡೋಣ ಭಾವ” ಎಂದು ಅತ್ತೆಯ ತಂಗಿ ಆಗಲೇ ಹೇಳಿದ್ದಳು. ಕಚೇರಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. “ಒಳ್ಳೆ ಯಂತ್ರಕ್ಕೆ ಜೋಡಿ ಯಾಕಮ್ಮ?” ಎಂದು ಮಾವ ನಕ್ಕಿದ್ದರು. ನಕಲು ಆಗಲೇ ಇಲ್ಲ.

ಬೆಳಿಗ್ಗೆ ಅವಳು ಫೋನಿನಲ್ಲಿ ಧೈರ್ಯ ಹೇಳಿದ್ದಳು. “ಒಳಗಿರೋ ಡಿಸ್ಕನ್ನ ಹೊರಗೆ ತೆಗೆದಿಡಿ. ಮೂಲೇಲಿ ಕೂತಿದೆಯಲ್ಲ ಹಳೇ ಡೆಸ್ಕ್‌ಟಾಪು, ಅದರ ತಂತಿ ಇದಕ್ಕೂ ಕೂಡುತ್ತೆ. ನಾನು ಬರೋವರೆಗೂ ಸುಮ್ನಿರಿ.”

ಸುಮ್ಮನಿರುವುದು ಮಾವನಿಂದ ಆದೀತೆ? ಅಂಗೈಯಗಲದ ಡಿಸ್ಕನ್ನು ತಾವೇ ಡೆಸ್ಕ್‌ಟಾಪಿನ ತಂತಿಗೆ ಸಿಕ್ಕಿಸಿದರು. ಅದು ‘ಟಿಕ್, ಟಿಕ್’ ಎಂದಿತು. ಪರದೆಯಲ್ಲಿ ಏನೂ ಮೂಡಲಿಲ್ಲ. ಟಿಕ್ ಎನ್ನುತ್ತಾ ನಿಂತುಹೋಗುವ ವಸ್ತುವಿಗೆ ಅವರು ಬಲ್ಲದ್ದು ಒಂದೇ ಮದ್ದು: ಮುಚ್ಚಳ ತೆಗೆ, ದೂಳು ಊದು, ಹನಿ ಎಣ್ಣೆ ಬಿಡು. ತಂತಿ ಕಿತ್ತರು. ತಿರುಪುಗಳು ಒಂದೊಂದಾಗಿ, ಉರುಳದಿರಲೆಂದು ಹಾಸಿದ ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಕುಳಿತವು. ಮುಚ್ಚಳದ ಅಂಚು ಕೂದಲೆಳೆಯಷ್ಟು ಎದ್ದಿತ್ತು, ಅಷ್ಟರಲ್ಲಿ ಬಾಗಿಲಿಂದ ಚೀತ್ಕಾರ ಕೇಳಿತು.

“ಭಾವಾ! ಕೈ ತೆಗೀರಿ! ಅದೇನು ಕೈಗಡಿಯಾರ ಅಂದ್ಕೊಂಡ್ರಾ?”

“ದೂಳಿದ್ರೆ ಊದೋಣ ಅಂತ...”

“ಊದಿದ್ರಾ?”

“ಇನ್ನೂ ಇಲ್ಲಮ್ಮ.”

“ಬದುಕಿದೆ. ಒಂದು ಕಣ ದೂಳು ಹೊಕ್ಕರೂ ಒಳಗಿನ ತಟ್ಟೆ ಗೀರಿ ಹೋಗುತ್ತೆ. ಅಕ್ಕನ ಮಾತೆಲ್ಲ ಆ ತಟ್ಟೆ ಮೇಲೇ ಇರೋದು!”

ಮಾವ ತಿರುಪುಳಿಯನ್ನು ಕೆಳಗಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರ ಮುಖ ಸುಣ್ಣ ಬಳಿದಂತಾಗಿತ್ತು. ಕೈಯಲ್ಲಿದ್ದ ಚಮಚದಿಂದ ಲೋಟಕ್ಕೆ ಎರಡು ಸಲ ಬಡಿದರು, ಬೆಳಿಗ್ಗೆಯಿಂದ ಕರೆಯುವುದು ಹಾಗೆಯೇ ಆಗಿತ್ತು. ಮಾವ ತಲೆ ಎತ್ತಲಿಲ್ಲ. ಮದುವೆಯಾದಂದಿನಿಂದ ಮೊದಲ ಬಾರಿಗೆ, ಇವಳು ಬಾಯಿತುಂಬ ಬೈಯಬಾರದೇ ಎನಿಸಿತು.

ತಂಗಿ ತಿರುಪುಗಳನ್ನು ಬಿಗಿದಳು. ಡಿಸ್ಕಿನ ಕೆಳಗೆ ರಟ್ಟಿನ ತುಂಡಿಟ್ಟು ತಂತಿಯನ್ನು ಒತ್ತಿ ಕೂರಿಸಿದಳು. “ಇದು ಪೂರ್ತಿ ಕೂತೇ ಇರಲಿಲ್ಲ, ನೋಡಿ” ಎಂದಳು. ಸ್ವಿಚ್ ಒತ್ತಿದಾಗ ಡಿಸ್ಕು ತುಸು ಗೊಣಗಿ ತಿರುಗಿತು. ಪರದೆಯ ಮೇಲೆ ಮಾತುಗಳ ಹೆಸರು ಸಾಲುಗಟ್ಟಿದವು. ಅತ್ತೆ ಆಸೆಯಿಂದ ಕೈ ಚಾಚಿದರು.

“ಬೇಡಕ್ಕಾ, ಈಗ್ಲೇ ಕೇಳ್ಬೇಡ. ಡಿಸ್ಕಿನ ಯಾವ ಸುತ್ತು ಕಡೇದೋ ಯಾರಿಗ್ಗೊತ್ತು? ಮೊದಲು ಈ ಕಂಪ್ಯೂಟರಿಗೆ ನಕಲಾಗ್ಲಿ.”

ನಕಲು ಎಷ್ಟಾಯಿತೆಂದು ತೋರುವ ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳಿತು. ನಡುವೆ ಒಮ್ಮೆ ‘ಟಿಕ್’ ಎಂದಿತು. ಟಿಕ್ ಎಂದರೆ ಜೀವ ಬಂತೆಂದು ಅರ್ಥ, ಅದೇ ಸದ್ದು ಮಾವನಿಗೆ ಜನ್ಮವಿಡೀ ಅನ್ನ ಕೊಟ್ಟಿತ್ತು. ಈಗ ಅದೇ ಸದ್ದಿಗೆ ಅವರ ಬೆನ್ನು ಬೆವರಿತು. ಮತ್ತೊಮ್ಮೆ ಟಿಕ್. ಪಟ್ಟಿ ತುದಿ ಮುಟ್ಟುವಷ್ಟರಲ್ಲಿ ಕಿರ್ರೆಂದು ಕೆರೆದಂತಾಗಿ ಡಿಸ್ಕು ನಿಂತಿತು. ಮತ್ತೆ ಎಷ್ಟು ಬಾರಿ ಹಚ್ಚಿದರೂ ಅದು ತಿರುಗಲಿಲ್ಲ.

“ಬಂದಷ್ಟು ಬಂತು” ಎಂದಳು ತಂಗಿ. “ಮುಕ್ಕಾಲು ಪಾಲಿಗಿಂತ ಹೆಚ್ಚೇ ಬಂದಿದೆ. ಒತ್ತಿ ನೋಡು ಅಕ್ಕ.”

ಅತ್ತೆ ಒತ್ತಿದರು. ‘ನಿಮ್ಮ ಗಡಿಯಾರಕ್ಕಿಂತ ನಿಮ್ಮ ಹೊಟ್ಟೆಯೇ ಸರಿಯಾಗಿ ಹೊತ್ತು ಹೇಳುತ್ತೆ!’ ಮಾವನ ಕಣ್ಣಲ್ಲಿ ನೀರು ತುಂಬಿತು. ಅತ್ತೆ ಪರದೆಯ ಮೇಲೆ ಇನ್ನೇನನ್ನೋ ಹುಡುಕುತ್ತ ಹೋದರು. ಕೆಳತನಕ ಹೋಗಿ, ಮತ್ತೆ ಮೇಲಿನಿಂದ ಹುಡುಕಿದರು. ಆ ‘ರೀ...’ ಎಲ್ಲಿಯೂ ಇರಲಿಲ್ಲ.

ಬೆಳಗಿನ ಸುಡುಬಿಸಿಯೋ, ತಾವೆತ್ತಿದ ಕೂದಲೆಳೆಯಷ್ಟು ಮುಚ್ಚಳವೋ, ಅದನ್ನು ತಿಂದದ್ದು ಯಾವುದೆಂದು ಕೇಳಲು ಮಾವನಿಗೆ ಧೈರ್ಯ ಬರಲಿಲ್ಲ. ತಂಗಿ ಡಿಸ್ಕಿನ ತಂತಿ ಕಳಚಿದಳು. ಮಾವ ಒದ್ದೆ ಬಟ್ಟೆಯನ್ನು ಮಡಚುತ್ತ ಕುಳಿತರು.

ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಲೋಟದ ಮೇಲೆ ಚಮಚದ ಸದ್ದು ಎರಡು ಸಲ ಕೇಳಿತು.

“ಬಂದೆ, ಬಂದೆ” ಎನ್ನುತ್ತ ಮಾವ ದಡಬಡಿಸಿ ಎದ್ದರು.