ಹತ್ತನೆಯ ಹೆಸರು

ಕುಕನೂರಿನ ಆ ಕಂಪ್ಯೂಟರ್ ಅಂಗಡಿಯ ಮೆಟ್ಟಿಲನ್ನು ಮೂರನೆಯ ಸಲ ಹತ್ತುವಾಗ ನನಗೆ ತಲೆ ಚಿಟ್ಟು ಹಿಡಿದಿತ್ತು. ಮೊದಲ ದಿನ ಕರೆಂಟ್ ಇರಲಿಲ್ಲ. ಎರಡನೆಯ ದಿನ ಸರ್ವರ್ ಇರಲಿಲ್ಲ. ಅದು ಬಂದಾಗ ಓಟಿಪಿ ನನ್ನ ಗಂಡನ ಫೋನಿಗೆ ಹೋಯಿತು. ಆ ಪುಣ್ಯಾತ್ಮ ತಳಕಲ್‌ನಲ್ಲಿ ಯಾರದೋ ಮದುವೆ ಊಟಕ್ಕೆ ಕುಳಿತಿದ್ದ. ಎಷ್ಟು ರಿಂಗಾದರೂ ಎತ್ತಲಿಲ್ಲ.

ನನ್ನದೊಂದು ರೊಟ್ಟಿ ಕೇಂದ್ರ. ಜೋಳದ ಖಡಕ್ ರೊಟ್ಟಿ ಬಡಿದು ಕೊಪ್ಪಳ, ಗಂಗಾವತಿಯ ಖಾನಾವಳಿಗಳಿಗೆ ಕಳಿಸುತ್ತೇವೆ. ಅಲ್ಲಿ ರೊಟ್ಟಿ ಬಡಿಯುವವರಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡವ್ವ; ನೆಂಟಳಲ್ಲ, ನಾವೆಲ್ಲ ಹಾಗೆ ಕರೆಯುತ್ತೇವೆ. ಅವಳಿಗೆ ಆರು ತಿಂಗಳಿಂದ ಕೆಮ್ಮು. ಎದೆಯ ಸ್ಕ್ಯಾನ್ ಆಗಲೇಬೇಕು, ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಕೇಂದ್ರವನ್ನು ಇಎಸ್‌ಐ ವಿಮೆಗೆ ನೋಂದಾಯಿಸಿದರೆ ಕೆಲಸದವರ ಚಿಕಿತ್ಸೆ ಅದರಲ್ಲೇ ಆಗುತ್ತದೆಂದು ಕೇಳಿ ಟೊಂಕ ಕಟ್ಟಿದ್ದೆ. ಅವತ್ತು ದೊಡ್ಡವ್ವನನ್ನೂ ಜೊತೆಗೆ ಕರೆದೊಯ್ದಿದ್ದೆ.

ಅಂಗಡಿಯವರು ನನ್ನ ಪಟ್ಟಿ ನೋಡಿ ಕನ್ನಡಕ ಏರಿಸಿದರು. "ಅಕ್ಕಾರ, ಒಂಬತ್ತೇ ಹೆಸರು ಅದಾವಲ್ರಿ. ಹತ್ತು ಮಂದಿ ಇದ್ರ ಮಾಡಿಸಾಕ ಬೇಕು, ಕಡಿಮಿ ಇದ್ರ ಆಗಂಗಿಲ್ಲ."

"ಹತ್ತನೇದಾಕಿ ಇಲ್ಲೇ ಕುಂತಾಳಲ್ರಿ. ಆದ್ರ ಆಕಿ ಕೆಲಸದಾಕಿ ಅಲ್ಲ, ನಮ್ಮ ಮನಿಯಾಕಿ. ಹಂಗ ಬರ್ಕೊಳ್ರಿ."

"ಮಾಲಕರ ಮನಿಯವ್ರಿಗೆ ಇದ್ರಾಗ ಬರಂಗಿಲ್ರಿ. ಮನಿಯಾಕಿ ಅಂದ್ರ ಈಕಿಗೂ ಇಲ್ಲ, ಉಳಿದ ಒಂಬತ್ತು ಮಂದಿಗೂ ಇಲ್ಲ."

ಸಿಟ್ಟು ನೆತ್ತಿಗೇರಿತು. ಎಂಥ ಕಾನೂನಪ್ಪಾ ಇದು! ದೊಡ್ಡವ್ವ ನಮ್ಮ ಅಡುಗೆಮನೆಯಲ್ಲೇ ಉಣ್ಣುತ್ತಾಳೆ. ನನ್ನ ಮಕ್ಕಳನ್ನು ಎತ್ತಿ ಆಡಿಸಿದ್ದಾಳೆ. ದೀಪಾವಳಿಗೆ ಅತ್ತೆಗೆ ತಂದಂಥದ್ದೇ ಸೀರೆ ಅವಳಿಗೂ ತರುತ್ತೇನೆ; ಪಗಾರವನ್ನು ಎಲ್ಲರಿಗಿಂತ ಮೊದಲು ಅವಳ ಕೈಗೇ ಇಡುತ್ತೇನೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರೆಯದಿರುವುದೇ ನಾನು ಕೊಟ್ಟ ಮರ್ಯಾದೆ ಎಂದುಕೊಂಡಿದ್ದೆ. ಅದನ್ನೆಲ್ಲ ಅಂಗಡಿಯವರ ಮುಂದೆ ಒದರಿದೆ. "ಆಕಿನ್ನ ಕೂಲ್ಯಾರ ಪಟ್ಟ್ಯಾಗ ಹ್ಯಾಂಗ ಹಾಕ್ಲಿ? ಮನಸ್ಸಿಗೆ ಎಷ್ಟ ನೋವಾಗಬ್ಯಾಡ!"

ಅವರು ನನ್ನನ್ನು ಬಿಟ್ಟು ಅವಳತ್ತ ತಿರುಗಿದರು. "ಅವ್ವಾರ, ಯಾವಾಗಿಂದ ಕೆಲಸ ಮಾಡಾಕತ್ತೀರಿ?"

"ಹನ್ನೊಂದು ವರ್ಷ ಆತ್ರಿ. ಈಕಿ ಒಲಿ ಹೂಡಿದ ದಿನದಿಂದ." ದೊಡ್ಡವ್ವ ತಡವರಿಸಲೇ ಇಲ್ಲ. "ಬರೀರಿ ನನ್ನ ಹೆಸರು."

ನನಗೆ ಅವಳ ಮೇಲೂ ಸಿಟ್ಟು ಬಂತು. "ದೊಡ್ಡವ್ವಾ, ಅಲ್ಲಿ ಕೆಲಸದಾಕಿ ಅಂತ ಬೀಳತೈತಿ, ತಿಳೀತಿಲ್ಲೋ?" ಎಂದೆ.

"ಬೀಳಲಿ ಬಿಡವ್ವಾ." ಕೆಮ್ಮು ಬಂತು. ಅದು ನಿಲ್ಲುವವರೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದು, ಆಮೇಲೆ ಮೆಲ್ಲಗೆ ಹೇಳಿದಳು: "ಆರು ತಿಂಗಳಾತು, ಕೆಮ್ಕೋಂತ ಒಲಿ ಮುಂದ ಕುಂತೀನಿ. ಅವರು ಒಂಬತ್ತು ಮಂದಿ ಜಡ್ಡಾದ್ರ ರಜಾ ಬೇಕಂತ ನಿನ್ನ ಕೇಳ್ತಾರ. ಮನಿಯಾಕಿ ನಾ, ಯಾರ್ನ ಕೇಳ್ಲಿ?"