ಕೆಳಗಿನ ಗೆರೆ

ಗರುಡಾಚಾರ್‌ಪಾಳ್ಯದ ನಮ್ಮ ಕಾರ್ಖಾನೆಯಲ್ಲಿ ಖರ್ಚಿನ ಲೆಕ್ಕ ನೋಡುತ್ತಿದ್ದ ಅಧಿಕಾರಿಯ ಮೇಜಿನ ಹಿಂದೆ ಒಂದು ಚಾರ್ಟ್ ಇತ್ತು. ಅದರಲ್ಲಿ ಮೇಲೊಂದು, ಕೆಳಗೊಂದು ಕೆಂಪು ಗೆರೆ. ಒಂದು ಬಿಡಿಭಾಗಕ್ಕೆ ಹಿಂದಿನ ದಿನ ತಗುಲಿದ ಕೂಲಿಯನ್ನು ಅವರು ಬೆಳಿಗ್ಗೆ ಚುಕ್ಕೆಯಾಗಿ ಗುರುತಿಸಿ, ಶಾಯಿ ಒಣಗಲೆಂದು ಉಫ್ ಎಂದು ಊದುತ್ತಿದ್ದರು. ಚುಕ್ಕೆ ತುಸು ಏರಿದರೆ ಮ್ಯಾನೇಜರು ಕೂಗಾಡುವರು. ಇವರದು ಒಂದೇ ಮಾತು: "ಗೆರೆ ಒಳಗಿದೆ, ಸುಮ್ನಿರಿ ಸಾರ್. ದಾಟಿದ್ರೆ ಹೋಗಿ ನೋಡೋಣ."

ಒಂದು ದಿನ ಚುಕ್ಕೆ ಕೆಳಗಿನ ಗೆರೆಯನ್ನೂ ದಾಟಿ ಇಳಿಯಿತು. ಖರ್ಚು ಅಷ್ಟು ಇಳಿದ ಖುಷಿಗೆ ಮ್ಯಾನೇಜರು ಎಲ್ಲರಿಗೂ ಪೇಡ ಹಂಚಿಸಿದರು. ಇವರು ಅಂದು ಊದಲಿಲ್ಲ. ಪೇಡ ಹಿಡಿದುಕೊಂಡೇ ಎದ್ದು, "ದಾಟಿದೆಯಲ್ರೀ, ಬನ್ನಿ" ಎಂದು ನನ್ನನ್ನು ಕರೆದರು.

"ಕಮ್ಮಿ ಆದ್ರೆ ಒಳ್ಳೇದಲ್ವಾ ಸಾರ್?"

"ಯಾಕೆ ಕಮ್ಮಿ ಆಯ್ತು ಅಂತ ಮೊದ್ಲು ಗೊತ್ತಾಗ್ಲಿ."

ತಗಡು ಒತ್ತುವ ಪ್ರೆಸ್ ವಿಭಾಗದ ಬಾಗಿಲಲ್ಲೇ ನನ್ನ ಕಾಲು ನಿಂತುಹೋಯಿತು. ಯಂತ್ರಕ್ಕೆ ಕೈ ಸಿಕ್ಕದಂತೆ ಹಾಕಿದ್ದ ಜಾಲರಿ ಒಂದರಲ್ಲೂ ಇರಲಿಲ್ಲ. ಎಲ್ಲವನ್ನೂ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಇವರು ಓಡಿಹೋಗಿ ಮೇನ್ ಸ್ವಿಚ್ ಆರಿಸಿದರು.

ರಾಯಚೂರು ಕಡೆಯ ಹೆಂಗಸೊಬ್ಬಳು ಗಾಬರಿಯಿಂದ ಎದ್ದು ನಿಂತಳು. "ಸೂಪರ್‌ವೈಸರ್ ತಗೀರಿ ಅಂದ್ರು ಸರ್. ಅದಿಲ್ಲಂದ್ರ ಕೆಲ್ಸ ಲಗೂ ಆಗ್ತದ್ರಿ."

"ಯಾರಿಗೂ ಏನೂ ಆಗಿಲ್ಲ ತಾನೇ ಅಮ್ಮಾ?"

ಅವಳು ಬಲಗೈ ಮುಂದೆ ಚಾಚಿದಳು. ಮಣಿಕಟ್ಟಿನ ಸುತ್ತ ಹಸಿ ಗೀರುಗಳಿದ್ದವು.

"ಏನಿಲ್ರಿ. ನಿನ್ನೆ ಬಳೆ ಸಿಕ್ಕು ಒಡದ್ವು, ಅಷ್ಟ."

ಇವರು ನೆಲದ ಮೇಲೇ ಕುಳಿತುಬಿಟ್ಟರು. ಮುಷ್ಟಿಯಲ್ಲಿದ್ದ ಪೇಡ ಪುಡಿಯಾಗಿತ್ತು.